ತೂಕವಿಲ್ಲದ ಚೆಂಡು

ಜನವರಿ 24, ಶುಕ್ರವಾರ. ಭದ್ರಾವತಿ

ಮಾವ ಹೂಂ ಅಂದುಬಿಟ್ಟರು, ಪಿನ್‌ಬಾಲ್ ಮೆಷಿನ್ ಇನ್ನು ನಮ್ಮದು! ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಇನ್ನೂ ನಿಂತಿಲ್ಲ, ನಾನು ಮೆಹಂದಿ ಮಾಸದ ಕೈಯಲ್ಲಿ ಪೆನ್ನು ಹಿಡಿದು ಕೂತಿದ್ದೇನೆ. ಈಗಲೇ ಬರೆಯದಿದ್ದರೆ ಹೊಟ್ಟೆ ಒಡೆದು ಹೋಗುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಸ್ಕೂಲಿನ ಕಾಂಪೊಸಿಷನ್ ಆಗಿಬಿಡುತ್ತದೆ. ಕನ್ನಡದಲ್ಲೇ ಇರಲಿ. ಯಾರು ಓದಬೇಕು ಇದನ್ನು?

ಇವತ್ತು ಮೊದಲ ಜುಮಗಿ. ಮದುವೆಯಾದ ಮೇಲೆ ಐದು ಶುಕ್ರವಾರ ಹೊಸ ಜೋಡಿಗೆ ಔತಣ — ಒಂದು ವಾರ ಭದ್ರಾವತಿಯ ಅತ್ತೆಮನೆ, ಒಂದು ವಾರ ಶಿವಮೊಗ್ಗದ ನನ್ನ ತವರು. ಊಟವಾದ ಮೇಲೆ ಅತ್ತೆ ನನ್ನ ಕೈ ಹಿಡಿದು ಕೂರಿಸಿಕೊಂಡರು.

"ನಮ್ಮನೇಲಿ ಮೊದಲ್ನೇ ಜುಮಗಿ ದಿನ ದುಲ್ಹನ್ ಏನ್ ಕೇಳಿದ್ರೂ ಇಲ್ಲ ಅನ್ನಲ್ಲ. ನಮ್ಮತ್ತೆ ನಂಗೆ ಹೊಲಿಗೆ ಮೆಷಿನ್ ಕೊಟ್ಟಿದ್ರು. ನೀನೂ ಕೇಳು ಬೇಟಿ."

ಬಳೆ ಕೇಳುತ್ತೇನೆ ಅಂದುಕೊಂಡಿರಬೇಕು ಪಾಪ. ನಾನು ಹೇಳಿದೆ, "ಒಳಗಿನ ರೂಮಲ್ಲಿ ಹಾಸಿಗೆ ಹೇರಿ ಇಟ್ಟಿದ್ದೀರಲ್ಲ, ಆ ಪಿನ್‌ಬಾಲ್ ಮೆಷಿನ್ ಕೊಡಿ ಅಮ್ಮಿ. ಒಳಗಿಂದೆಲ್ಲ ತೆಗೆದು ಟೀವಿ, ಕಂಪ್ಯೂಟರ್ ಹಾಕಿ ಹೊಸದು ಮಾಡ್ತೀವಿ. ಸುಮೇರಾ ಆಪಾಗೆ!"

ಅತ್ತೆ ಮಾವನ ಮುಖ ನೋಡಿದರು. ಮಾವ ತಟ್ಟೆಯ ಮೂಳೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಆಮೇಲೆ, "ಹೂಂ. ತಗೊಂಡ್ಹೋಗಿ." ಅಷ್ಟೇ! ಮಾವ ಅಬ್ಬಾಸ್ ಅಲಿ ಸಾಹೇಬರದು ಮಾತು ಕಮ್ಮಿ, ಮನಸ್ಸು ಬಂಗಾರ.

ಸುಮೇರಾ ಆಪಾ ಅಂದರೆ ನನ್ನ ಗಂಡ ನದೀಮ್‌ನ ಅಕ್ಕ. ಮೈಸೂರಿನ ಹೈಸ್ಕೂಲಿನಲ್ಲಿ ಮ್ಯಾತ್ಸ್ ಟೀಚರ್. ಮದುವೆಯ ವಾರ ಕಣ್ಣಿನ ಆಸ್ಪತ್ರೆಯಲ್ಲಿದ್ದರು, ಬರಲಾಗಲಿಲ್ಲ. ವಿಡಿಯೋ ಕಾಲ್‌ನಲ್ಲೇ ದುವಾ ಮಾಡಿದರು. ಅವರ ದೃಷ್ಟಿ ಅಂಚಿನಿಂದ ಕಿರಿದಾಗುತ್ತ ಬರುತ್ತಿದೆ. ಮೊದಲು ಬಳೆಯೊಳಗಿಂದ ನೋಡಿದ ಹಾಗೆ ಇತ್ತಂತೆ, ಈಗ ಉಂಗುರದೊಳಗಿಂದ. ಕೊನೆಯ ಜುಮಗಿಗೆ ಬರುತ್ತಾರೆ. ಚಿಕ್ಕವರಿದ್ದಾಗ, ಚೆಂಡು ಉರುಳಿಸಿ ಆಡುವ ಈ ಮೆಷಿನ್ ಬಿಟ್ಟು ಕದಲುತ್ತಿರಲಿಲ್ಲವಂತೆ. ಅದು ಕೆಟ್ಟು ವರ್ಷಗಳಾದವು.

ಐಡಿಯಾ ನದೀಮ್‌ನದು. ಅದೇ ಮಾಡೆಲ್ಲಿನ ಸಿಮ್ಯುಲೇಷನ್, ಅಂದರೆ ಕಂಪ್ಯೂಟರಿನಲ್ಲಿ ಆಡುವ ನಕಲು, ಇಂಟರ್ನೆಟ್ಟಿನಲ್ಲಿ ಇದೆಯಂತೆ, ಒಂದೊಂದು ಸ್ಕ್ರೂ ಕೂಡ ಬಿಡದೆ ಯಾರೋ ಹುಚ್ಚರು ಕೂತು ಮಾಡಿದ್ದಾರೆ. ಅದರಲ್ಲಿ ಚೆಂಡನ್ನು ನಿಂಬೆಹಣ್ಣಿನಷ್ಟು ದೊಡ್ಡದು ಮಾಡಬಹುದು. ಹಳದಿ ಮಾಡಬಹುದು. ಹೊಳೆಯುವ ಹಾಗೆ ಮಾಡಬಹುದು. ಆಪಾ ಕಣ್ಣಿಗೆ ಕಾಣುವ ಚೆಂಡು! ಕೇಳಿದಾಗ ನಾನು ಸ್ಕೂಟಿಯ ಹಿಂದಿನ ಸೀಟಿನಲ್ಲೇ ಚಪ್ಪಾಳೆ ತಟ್ಟಿದ್ದೆ. "ಹಿಡ್ಕೋ ಮಾರಾಯ್ತಿ, ಬೀಳ್ತೀಯ" ಅಂದ. ನನ್ನ ಗಂಡ ಜೀನಿಯಸ್. ಮೂರು ಸಲ ಅಂಡರ್‌ಲೈನ್.

ಜನವರಿ 26, ಭಾನುವಾರ. ಆಲ್ಕೊಳ, ಶಿವಮೊಗ್ಗ

ಮೆಷಿನ್ ನಮ್ಮ ಮನೆಗೆ ಬಂತು! ಲಗೇಜ್ ಆಟೋದಲ್ಲಿ, ಕಾಲು ಕಳಚಿ, ಮೇಲೆ ನನ್ನ ಮದುವೆಯ ಜಮಖಾನೆ ಹೊದೆಸಿ. ಆಲ್ಕೊಳ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸು ಹೆಣ ಅಂದುಕೊಂಡು ನಿಲ್ಲಿಸಿ, "ಏನ್ರೀ ಇದು, ಮಯ್ಯತ್ತಾ?" ಅಂದ. ನದೀಮ್, "ಇಲ್ಲ ಸಾರ್, ಎದ್ದು ಕೂರ್ತಾಳೆ ಇನ್ನೆರಡು ವಾರಕ್ಕೆ" ಅಂದ. ನಾನು ನಕ್ಕು ನಕ್ಕು ಆಟೋದ ಕಂಬಿಗೆ ತಲೆ ಬಡಿಸಿಕೊಂಡೆ.

ಕೆಳಗೆ ನದೀಮ್‌ನ ಕಂಪ್ಯೂಟರ್, ಸಿಸಿಟಿವಿ ರಿಪೇರಿ ಅಂಗಡಿ, ಮೇಲೆ ನಮ್ಮ ಮನೆ. ಅಂಗಡಿಯ ಹಿಂದಿನ ಭಾಗದಲ್ಲಿ ಅವಳನ್ನು ಮಲಗಿಸಿದೆವು.

ಚರಿತ್ರೆ: ಕಾರ್ಖಾನೆಯ ಆಫೀಸರ್‌ಗಳ ಕ್ಲಬ್ಬು ಒಂದಿತ್ತಂತೆ, ಅದು ಮುಚ್ಚಿದಾಗ ಹರಾಜಿನಲ್ಲಿ ಮಾವ ಇದನ್ನು ಹಿಡಿದರು. ಅವರದು ಆಟೋ ಎಲೆಕ್ಟ್ರಿಕಲ್ ಅಂಗಡಿ, ಡೈನಮೊ, ಸೆಲ್ಫ್ ಮೋಟಾರು. ಗಿರಾಕಿಗಳು ಕಾಯುವಾಗ ಆಡಲಿ ಅಂತ ಮುಂದೆ ಇಟ್ಟರು. ಆಡಿದ್ದು ಮಾತ್ರ ಸುಮೇರಾ — ಬ್ಯಾಟರಿ ಡಬ್ಬದ ಮೇಲೆ ನಿಂತು.

ಗಾಜು ತೆಗೆದೆವು. ಓರೆಯಾಗಿ ನಿಂತ ಮರದ ಹಲಗೆ, ಮೇಲೆ ಬಣ್ಣದ ಚಿತ್ರ, ಅಲ್ಲಲ್ಲಿ ಅಣಬೆಯ ಹಾಗೆ ಬಂಪರ್‌ಗಳು. ಚೆಂಡು ತಾಗಿದರೆ ಒದೆಯುತ್ತವೆ. ಕೆಳಗೆ ಎರಡು ರೆಕ್ಕೆ, ಪೆಟ್ಟಿಗೆಯ ಪಕ್ಕದ ಗುಂಡಿ ಒತ್ತಿದರೆ ಇಳಿದು ಬರುವ ಚೆಂಡನ್ನು ಮತ್ತೆ ಮೇಲಕ್ಕೆ ಬಡಿಯುತ್ತವೆ, ತಪ್ಪಿದರೆ ಚೆಂಡು ಹೋಯಿತು. ಹಲಗೆ ಎತ್ತಿದರೆ ಅಡಿಯಲ್ಲಿ... ಯಾ ಅಲ್ಲಾ. ಬಟ್ಟೆ ಸುತ್ತಿದ ವೈರುಗಳ ಕಾಡು. ತಾಮ್ರದ ಸುರುಳಿಗಳು. ಜಿರಲೆ ಮೊಟ್ಟೆ. ಕಂಪ್ಯೂಟರ್ ಎಂಬುದೇ ಇಲ್ಲ, ಎಲ್ಲ ಅಯಸ್ಕಾಂತ, ಸ್ಪ್ರಿಂಗು, ಗಂಟೆ. ನದೀಮ್ ಕುತೂಹಲಕ್ಕೆ ಪ್ಲಗ್ ಹಾಕಿದ. ಗುಂಯ್ ಅಂತು, ಟ್ರಿಣ್ ಅಂತ ಒಂದು ಸೈಕಲ್ ಬೆಲ್ ಹೊಡೆಯಿತು, ಫ್ಯೂಸ್ ಹೋಯಿತು.

"ಸೈಕಲ್ ಬೆಲ್ಲಾ?"

"ಮೂರನೇ ಗಂಟೆ ಮುರಿದಾಗ ಅಬ್ಬಾ ಹಾಕಿದ್ದು. ಬಲಗಡೆ ಬಂಪರ್‌ಗೆ."

ಎಷ್ಟು ಕ್ಯೂಟ್! ಫೋಟೋ ತೆಗೆದುಕೊಂಡೆ.

ಆಪಾಗೆ ಫೋನ್ ಮಾಡಿದೆ, ತಡೆಯಲಾಗಲಿಲ್ಲ. "ಆಪಾ, ನೀವು ಬರೋ ಹೊತ್ತಿಗೆ ನಿಮ್ಮ ಮೆಷಿನ್ ರೆಡಿ ಇರುತ್ತೆ!" "ಸುಳ್ಳು ಹೇಳ್ಬೇಡ ಮಾರಾಯ್ತಿ." "ಅಲ್ಲಾ ಕಸಮ್!" "ಓಡುತ್ತಾ?" "ಓಡುತ್ತೆ!" ಅವರು ಅಳುತ್ತಿದ್ದರೋ ನಗುತ್ತಿದ್ದರೋ. ಟೀವಿಯ ವಿಷಯ ಹೇಳಲಿಲ್ಲ. ಸರ್‌ಪ್ರೈಸ್!

ಜನವರಿ 29

ಮೆಷಿನ್ನಿನ ಹೊಟ್ಟೆ ಖಾಲಿ. ಹಲಗೆ, ಸುರುಳಿ, ವೈರಿನ ಕಾಡು, ಎಲ್ಲ ಹೊರಗೆ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬೆಳಿಗ್ಗೆ ಗುಜರಿ ಗಾಡಿಯವನು ಕೂಗುತ್ತ ಹೋದ, ನಾನೇ ಓಡಿ ಹೋಗಿ ಕರೆದೆ. "ಪೂರ್ತಿ ತಗೊಂಡ್ಹೋಗಿ ಮಾರಾಯ್ರೆ, ಜಾಗ ಆದ್ರೆ ಸಾಕು." ನದೀಮ್ ಪೆಟ್ಟಿಗೆ, ಅದರ ಗುಂಡಿ, ಕಾಲು, ಮೇಲಿನ ಗಾಜು ಮಾತ್ರ ಉಳಿಸಿಕೊಂಡ. ನೆಲ ಗುಡಿಸಿ ಫಿನಾಯಿಲ್ ಹಾಕಿದೆ. ಹಾಯೆನಿಸಿತು.

ಫೆಬ್ರವರಿ 2, ಭಾನುವಾರ

ಓಡುತ್ತಿದೆ ಓಡುತ್ತಿದೆ ಓಡುತ್ತಿದೆ!!

ಪೆಟ್ಟಿಗೆಯೊಳಗೆ ನಲವತ್ಮೂರು ಇಂಚಿನ ಟೀವಿ ಅಂಗಾತ ಮಲಗಿದೆ, ಮೇಲೆ ಹಳೆಯ ಗಾಜೇ. ಪಕ್ಕದ ಗುಂಡಿಗಳು ಹಳೆಯವೇ. ಆಡುವಾಗ ಪೆಟ್ಟಿಗೆ ದೂಡಿದರೆ ಗೊತ್ತಾಗಲು ಮೊಬೈಲಿನಲ್ಲಿರುವಂಥ ಸೆನ್ಸರ್ ಹಾಕಿದ್ದಾನೆ. ಹಲಗೆಯ ಚಿತ್ರ ಹೊಚ್ಚ ಹೊಸದಾಗಿ ಹೊಳೆಯುತ್ತದೆ. ನಿಜವಾದದ್ದರಲ್ಲಿ ಬಣ್ಣ ಎದ್ದು ಹೋಗಿತ್ತು, ಇದರಲ್ಲಿ ಒಂದು ಗೀರಿಲ್ಲ. ಚೆಂಡು ಸಿಕ್ಕಿಕೊಳ್ಳುವುದಿಲ್ಲ. ಫ್ಯೂಸ್ ಹೋಗುವುದಿಲ್ಲ. ಬೇಜಾರಾದರೆ ಒಂದು ಗುಂಡಿ, ಬೇರೆ ಆಟ — ಸರ್ಕಸ್, ಬಾಹ್ಯಾಕಾಶ, ಕಾರ್ ರೇಸು. ಒಂದೇ ಪೆಟ್ಟಿಗೆಯಲ್ಲಿ ಪ್ರಪಂಚದ ಎಲ್ಲ ಮೆಷಿನ್ನುಗಳು!

ವಿದ್ಯಾನಗರದಿಂದ ಮೇಧಾ ಬಂದಿದ್ದಳು, ನನ್ನ ಸ್ಕೂಲ್ ಫ್ರೆಂಡ್. ಆಟ ಬಿಡಿಸಿ ಮನೆಗೆ ಕರೆಸಿಕೊಳ್ಳಲು ಅವಳ ಅಪ್ಪನೇ ಫೋನ್ ಮಾಡಬೇಕಾಯಿತು. "ನಿನ್ನ ಗಂಡ ಇದನ್ನೆಲ್ಲ ಮಾಡ್ತಾ ಇದ್ರೆ ನಿನ್ನ ಕಡೆ ಯಾವಾಗ ನೋಡ್ತಾನೆ?" ಅಂದಳು. "ಮಧ್ಯೆ ಮಧ್ಯೆ" ಅಂದೆ. ನದೀಮ್ ಕಿವಿ ಕೆಂಪಾಯಿತು.

ಹಳದಿ ಚೆಂಡು ನಿಂಬೆಹಣ್ಣಿನ ಹಾಗೆ ಉರುಳುತ್ತದೆ. ರಟ್ಟು ಸುತ್ತಿ ಸಣ್ಣ ತೂತು ಮಾಡಿ, ಅದರೊಳಗಿಂದ ನೋಡುತ್ತ ನಾನೂ ಆಡಿದೆ, ಆಪಾ ಹೇಗೆ ನೋಡುತ್ತಾರೋ ಹಾಗೆ. ಕಾಣುತ್ತದೆ! ಸ್ವಲ್ಪ ತಲೆ ತಿರುಗಿಸುತ್ತ ಇರಬೇಕು ಅಷ್ಟೇ.

ಫೆಬ್ರವರಿ 4

ಆಪಾ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅಡುಗೆ ಮಾಡುತ್ತ ಹಾಕಿದೆ. ಸೌಟು ಕೆಳಗಿಟ್ಟು ಮತ್ತೆ ಕೇಳಿದೆ. ಮತ್ತೆ. ಇಲ್ಲಿ ಇಳಿಸಿಕೊಳ್ಳುತ್ತೇನೆ.

"ದುಲ್ಹನ್, ನಿಂಗೆ ಒಂದು ಹೇಳ್ಬೇಕು. ನದೀಮ್‌ಗೆ ಗೊತ್ತಿಲ್ಲ ಇದು, ಅವನು ಆಗ ಚಿಕ್ಕವನು. ಆ ಮೆಷಿನ್ನಿನ ಬಲ್ಬು ಒಂದೊಂದೇ ಹೋಗಿದ್ವು. ಅಬ್ಬಾ ಹೊಸದು ಹಾಕಲೇ ಇಲ್ಲ. ಸಂಜೆ ಅಂಗಡಿ ಶಟರ್ ಅರ್ಧ ಎಳೆದ ಮೇಲೆ ಕತ್ತಲಲ್ಲೇ ಆಡ್ತಿದ್ದೆ. ಚೆಂಡು ಎಲ್ಲಿದೆ ಅಂತ ಅಂಗೈಗೆ ಗೊತ್ತಾಗ್ತಿತ್ತು, ಮರ ಗುರ್ ಅಂತಿತ್ತಲ್ಲ. ಎಡಕ್ಕೆ ಸಣ್ಣ ಗಂಟೆ, ಮಧ್ಯಕ್ಕೆ ದಪ್ಪ ಗಂಟೆ, ಬಲಕ್ಕೆ ಅಬ್ಬಾನ ಸೈಕಲ್ ಬೆಲ್. ಈಗ ಬೋರ್ಡ್ ಮೇಲೆ ನಾನೇ ಬರೆದದ್ದು ನಂಗೆ ಕಾಣಲ್ಲ. ನಿನ್ನೆ ಡಾಕ್ಟ್ರು ಹೇಳಿದ್ರು, ಉಳಿದದ್ದೂ ಬೇಗ ಹೋಗುತ್ತೆ ಅಂತ. ನಾನು ಅಳಲಿಲ್ಲ ಗೊತ್ತಾ? ಕಣ್ಣು ಬೇಡದ ಕೆಲಸ ಒಂದು ನಂಗೆ ಬರುತ್ತೆ ಅಂದ್ಕೊಂಡೆ. ನೀನು ಅದನ್ನ ಎಬ್ಬಿಸಿದೀಯ. ಅಲ್ಲಾ ನಿನ್ನ ಚೆನ್ನಾಗಿಡ್ಲಿ."

ಸಾರು ತಳ ಹಿಡಿಯಿತು.

ಅದೇ ದಿನ, ಸಂಜೆ

ದುಪಟ್ಟಾ ಮಡಚಿ ಕಣ್ಣಿಗೆ ಕಟ್ಟಿಕೊಂಡು ಆಡಿದೆ. ಚೆಂಡು ಎಲ್ಲಿದೆ? ಉರುಳುವ ಸದ್ದು ಇದೆ, ಆದರೆ ಅದು ಟೀವಿಯ ಸ್ಪೀಕರಿನಲ್ಲಿದೆ, ನನ್ನ ಗದ್ದದ ಕೆಳಗೆ, ಒಂದೇ ಕಡೆ. ಮೇಲೆ ಹೋದಾಗಲೂ ಅಲ್ಲೇ, ಕೆಳಗೆ ಬಂದಾಗಲೂ ಅಲ್ಲೇ. ಅಂಗೈಗೆ ಏನೂ ಬರುವುದಿಲ್ಲ. ಪೆಟ್ಟಿಗೆ ಸತ್ತ ಹಾಗೆ ತಣ್ಣಗಿದೆ, ಫ್ಯಾನಿನ ಸಣ್ಣ ನಡುಕ ಬಿಟ್ಟರೆ. ಗುಂಡಿ ಒತ್ತಿದೆ, ಒತ್ತಿದೆ, ಒತ್ತಿದೆ. ಒಂದೂ ತಾಗಲಿಲ್ಲ.

ಹಳದಿ ಬಣ್ಣ ಹಚ್ಚಿದ್ದೇವೆ ನಾವು. ದೊಡ್ಡದು ಮಾಡಿದ್ದೇವೆ.

ನದೀಮ್‌ಗೆ ಮೆಸೇಜ್ ಕೇಳಿಸಿದೆ. ಟೂಲ್‌ಬಾಕ್ಸ್ ಮೇಲೆ ಕೂತ. ಬಹಳ ಹೊತ್ತು ಸ್ಕ್ರೂಡ್ರೈವರನ್ನು ಅಂಗೈಯಲ್ಲಿ ತಿರುಗಿಸಿದ. "ನಾನು ಅವಳ ಕಣ್ಣಿನ ಬಗ್ಗೆ ಮಾತ್ರ ಯೋಚನೆ ಮಾಡಿದ್ದೆ" ಅಂದ.

ನಾನೂ.

ಫೆಬ್ರವರಿ 7, ಶುಕ್ರವಾರ. ಭದ್ರಾವತಿ

ಮೂರನೇ ಜುಮಗಿ. ಬಿರಿಯಾನಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಅತ್ತೆ ಹಫೀಜಾ ಹಿಂದಿನ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹೋಗಿ ಪಕ್ಕ ಕೂತೆ. ಮೆಸೇಜಿನ ವಿಷಯ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ನಿಮಗೆ ಗೊತ್ತಿತ್ತಾ ಅಮ್ಮಿ? ಅವರು ಕತ್ತಲಲ್ಲಿ ಆಡ್ತಿದ್ದದ್ದು?"

"ಗೊತ್ತಿಲ್ದೆ ಏನು. ಊಟಕ್ಕೆ ಕರೆದೂ ಕರೆದೂ ಸಾಕಾಗ್ತಿತ್ತು."

"ಅಬ್ಬಾಗೆ?"

"ನಿಮ್ಮ ಮಾವ ಅದಕ್ಕೇ ಬಲ್ಬ್ ಹಾಕ್ಲಿಲ್ಲ. ಹುಡುಗಿ ಖುಷಿಯಾಗಿದಾಳೆ ಬಿಡು ಅಂತಿದ್ರು. ಈ ಸಲ ಅವಳು ಬರೋದ್ರೊಳಗೆ ತಾವೇ ಬಿಚ್ಚಿ ನೋಡ್ಬೇಕು ಅಂತ ಕಿಲುಬು ಹಿಡಿದ ಕರೆಂಟ್ ಕಾಂಟ್ಯಾಕ್ಟ್ ಉಜ್ಜೋಕೆ ಅರ ಎಲ್ಲ ತಂದಿಟ್ಕೊಂಡಿದ್ರು."

ನನಗೆ ಕಿರುಚಬೇಕು ಅನಿಸಿತು. "ಮತ್ತೆ ಯಾಕೆ ಹೇಳ್ಲಿಲ್ಲ? ಯಾಕೆ ಒಬ್ರೂ ಹೇಳ್ಲಿಲ್ಲ ಅಮ್ಮಿ?"

ಅತ್ತೆ ನನ್ನ ಮುಖವನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ಹ್ಯಾಗ್ ಹೇಳೋದು ಬೇಟಿ? ಹೊಸ ದುಲ್ಹನ್. ಈ ಮನೇಲಿ ಮೊದಲ್ನೇ ಸಲ ಬಾಯಿ ತೆರೆದು ಕೇಳಿದ್ದು. ಕೇಳು ಅಂತ ನಾನೇ ಹೇಳಿ, ನಾನೇ ಇಲ್ಲ ಅನ್ನೋದಾ? ಅದೂ ನೀನು ನಿಂಗೋಸ್ಕರ ಕೇಳಿದ್ದಲ್ಲ, ನನ್ನ ಮಗಳಿಗೋಸ್ಕರ ಕೇಳಿದ್ದು."

ಬೀಡಾ ಮಡಚಿ ನನ್ನ ಬಾಯಿಗೇ ಇಟ್ಟರು. ಅಗಿಯುತ್ತಲೇ ನನಗೆ ಅಳು ಬಂತು. ಸಿಟ್ಟು ಮಾಡಲು ಯಾರೂ ಸಿಗಲಿಲ್ಲ, ಬರೀ ಪ್ರೀತಿ ಮಾಡುವವರೇ ಸುತ್ತ.

ಮಾವನನ್ನು ಕೇಳಿದೆ, "ರಿಪೇರಿ ಆಗ್ತಿತ್ತಾ ಅಬ್ಬಾ?"

"ಗೊತ್ತಿಲ್ಲ. ಆಗ್ತಿತ್ತೋ, ಇಲ್ವೋ." ನನ್ನ ಮುಖ ನೋಡಿ, "ಕೈ ಈಗ ನಡುಗುತ್ತೆ. ಆಗ್ತಿರ್ಲಿಲ್ಲ ಅಂತ ಇಟ್ಕೋ."

ನನ್ನ ಸಮಾಧಾನಕ್ಕೆ ಹೇಳಿದ ಸುಳ್ಳು. ಎಷ್ಟು ಸರಿಯಾಗಿ ಗೊತ್ತಾಗುತ್ತದೆ.

ಫೆಬ್ರವರಿ 10

ಗುಜರಿ ಗಾಡಿಯವನನ್ನು ಹಿಡಿದೆ. ಆಲ್ಕೊಳದಿಂದ ಬೊಮ್ಮನಕಟ್ಟೆಯವರೆಗೆ ಸ್ಕೂಟಿಯಲ್ಲಿ ಅವನ ಕೂಗನ್ನು ಹುಡುಕಿಕೊಂಡು. ತಾಮ್ರ ಇದ್ದದ್ದರಿಂದ ಎಲ್ಲವನ್ನೂ ಭದ್ರಾವತಿಯ ಯೋಗರಾಜ್ ಅವರ ಗುಜರಿ ಯಾರ್ಡಿಗೆ ಹಾಕಿದೆ ಅಂದ. ಇಷ್ಟು ದೂರ ಬಂದು, ಕೊನೆಗೆ ಮಾವನ ಮನೆಯ ಹಿಂದಿನ ರಸ್ತೆಗೇ ಹೋಗಿ ಕೂತಿದೆ.

ಮಾವ ನನ್ನ ಜೊತೆ ಬಂದರು. ಯೋಗರಾಜ್ ಅವರಿಗೆ ಹಳೆಯ ಪರಿಚಯ, ಅರ್ಧ ತಮಿಳು ಅರ್ಧ ಕನ್ನಡ.

"ವಾಂಗೊ ಸಾಯ್ಬ್ರೆ. ಇದೇನು, ಸೊಸೇನ ಗುಜರಿ ತೋರ್ಸೋಕೆ ಕರ್ಕೊಂಡ್ ಬಂದ್ರಾ? ಸಕ್ರೆಬೈಲಿಗೆ ಕರ್ಕೊಂಡ್ ಹೋಗಿ ಆನೆ ತೋರ್ಸಬೇಕಪ್ಪಾ!"

ಫೋಟೋ ತೋರಿಸಿದೆ. ಅವರ ನಗು ಕಮ್ಮಿಯಾಯಿತು.

"ಅದಾ... ಆ ವೈರು, ಕಾಯಿಲು ಎಲ್ಲ ಬಂದ ದಿನಾನೇ ಸುಟ್ಟು ಕಾಪರ್ ತೆಗೆದ್ಬಿಟ್ರು ಮೇಡಂ. ಲೋಡ್ ಹೋಯ್ತು. ಬೆಲ್ಲು, ಸ್ಪ್ರಿಂಗು ಎಲ್ಲ ಕಬ್ಬಿಣದ ರಾಶಿಗೆ ಸೇರ್ತು."

ರಾಶಿ ತೋರಿಸಿದರು. ಮನೆಯಷ್ಟು ಎತ್ತರ. ಬಕೆಟ್, ಮಂಚ, ಸೈಕಲ್ ಚಕ್ರ, ಗೇಟು. ನಾನು ಅದರ ಮುಂದೆ ನಿಂತೆ. ಎಲ್ಲಿಂದ ಶುರು ಮಾಡುವುದು? ಒಂದು ಬಕೆಟ್ ಎಳೆದೆ, ಇನ್ನೇನೋ ಜಾರಿ ಬಿತ್ತು. ಮಾವ ನನ್ನ ಮೊಣಕೈ ಹಿಡಿದರು. "ಬಾ."

ಹಲಗೆ ಸಿಕ್ಕಿತು. ತೂಕದ ಯಂತ್ರದ ಹಿಂದೆ, ಬಿಸಿಲಿಗೆ ಮರೆಯಾಗಿ ನಿಲ್ಲಿಸಿದ್ದರು. ಬಂಪರ್ ಇಲ್ಲ, ರೆಕ್ಕೆ ಇಲ್ಲ, ತೂತುಗಳು ಮಾತ್ರ. ಬಣ್ಣದ ಚಿತ್ರದ ಮೇಲೆ ಯಾರೋ ಚಾಕ್‌ಪೀಸಿನಲ್ಲಿ ಲೆಕ್ಕ ಹಾಕಿದ್ದರು. ಯೋಗರಾಜ್ ಏನೂ ತೆಗೆದುಕೊಳ್ಳಲಿಲ್ಲ. "ತಗೊಂಡ್ಹೋಗಿಮ್ಮಾ, ಮರಕ್ಕೇನು" ಅಂದರು.

ಫೆಬ್ರವರಿ 11

ನದೀಮ್ ಹೊರದೇಶದ ಪಿನ್‌ಬಾಲ್ ಬಿಡಿಭಾಗದವರಿಗೆ ಮೇಲ್ ಹಾಕಿದ. ಆ ವರ್ಷದ ಸುರುಳಿಗಳ ಪೂರ್ತಿ ಸೆಟ್ ಸ್ಟಾಕಿನಲ್ಲಿಲ್ಲ. ಬಂದರೂ ಯಾವಾಗ ಬರುತ್ತದೋ ಹೇಳಲಾರರು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಯೂ ಬರೆದು ಲ್ಯಾಪ್‌ಟಾಪ್ ಮುಚ್ಚಿದ.

ಫೆಬ್ರವರಿ 15, ಶನಿವಾರ

ನಾಲ್ಕು ದಿನ ಇವನು ಅಂಗಡಿ ತೆರೆಯಲಿಲ್ಲ. ನಿನ್ನೆ ನಾಲ್ಕನೇ ಜುಮಗಿಗೆ ನನ್ನ ತವರಿಗೆ ಹೋಗಿ ಊಟದ ಮಧ್ಯೆ ಎದ್ದು ಬಂದ. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದು, "ಜಗಳಾನಾ?" ಅಂದಳು.

ಇವತ್ತು ಕರೆದು ತೋರಿಸಿದ. ಪೆಟ್ಟಿಗೆಯ ನಾಲ್ಕು ಮೂಲೆಗೂ ಒಂದೊಂದು ಸ್ಪೀಕರ್. ಚೆಂಡು ಎಡ ಮೇಲೆ ಇದ್ದರೆ ಸದ್ದು ಎಡ ಮೇಲೆ. ಬಂಪರ್ ಇರುವ ಜಾಗದ ಅಡಿಯಲ್ಲಿ ಕಾರಿನ ಸ್ಟಾರ್ಟರ್ ರಿಲೇಗಳು — ಚೆಂಡು ತಾಗಿದರೆ ಠಕ್ ಅಂತ ನಿಜವಾಗಿ ಬಡಿಯುತ್ತವೆ, ಮರ ನಡುಗುತ್ತದೆ. ಬಲಗಡೆಗೆ ಸೈಕಲ್ ಬೆಲ್, ಅಂಗಡಿಯಿಂದ ತಂದದ್ದು, ಅದಕ್ಕೊಂದು ಸಣ್ಣ ಸುತ್ತಿಗೆ.

ದುಪಟ್ಟಾ ಕಟ್ಟಿಕೊಂಡೆ. ಠಕ್. ಟ್ರಿಣ್. ಬಲಕ್ಕೆ! ಕೆಳಗೆ ಬರುತ್ತಿದೆ, ಬರುತ್ತಿದೆ... ಒತ್ತಿದೆ. ತಾಗಿತು! ಮೇಲೆ ಹೋಯಿತು! ಕಣ್ಣುಕಟ್ಟಿಕೊಂಡೇ ಇವನನ್ನು ತಬ್ಬಿಕೊಂಡೆ. ಇಬ್ಬರೂ ಕುಣಿದೆವು. ಆಮೇಲೆ ಮತ್ತೆ ಆಡಿದೆ, ಇನ್ನೂ ಕೆಲವು ಸಲ. ಆಗಲಿಲ್ಲ. ಆದರೂ ಒಂದು ಸಲ ಆಯಿತಲ್ಲ. ಆಯಿತಲ್ಲ?

ನಾಳೆ ಭದ್ರಾವತಿಗೆ ಒಯ್ಯುತ್ತೇವೆ.

ಫೆಬ್ರವರಿ 16, ಭಾನುವಾರ. ಭದ್ರಾವತಿ

ಒಳಗಿನ ರೂಮಿನಲ್ಲಿ, ಮೊದಲು ಇದ್ದ ಜಾಗದಲ್ಲೇ ನಿಲ್ಲಿಸಿದೆವು. ಕಾಲಿನ ಗುರುತು ನೆಲದಲ್ಲಿ ಹಾಗೆಯೇ ಇತ್ತು.

ಮಾವ ಆಡಿದರು. ಮೊದಲು ಕಣ್ಣು ತೆರೆದು. ಚೆನ್ನಾಗಿಯೇ ಆಡಿದರು. ಅತ್ತೆ, "ಅರೆ ವಾಹ್, ಈ ವಯಸ್ಸಲ್ಲಿ!" ಅಂತ ಹಾಸ್ಯ ಮಾಡಿದರು. ಆಮೇಲೆ ಅವರು ಕಣ್ಣು ಮುಚ್ಚಿಕೊಂಡರು, ಅಂಗೈ ಎರಡನ್ನೂ ಪೆಟ್ಟಿಗೆಯ ಪಕ್ಕಕ್ಕೆ ಒತ್ತಿ.

ಪ್ರತಿ ಸಲವೂ ಗುಂಡಿ ತಡವಾಗಿ ಒತ್ತಿದರು. ಚೆಂಡು ದಾಟಿ ಹೋದ ಮೇಲೆ ರೆಕ್ಕೆ ಬಡಿಯುತ್ತಿತ್ತು. ಪ್ರತಿ ಸಲವೂ.

ನದೀಮ್, "ಟೀವಿ ಸ್ವಲ್ಪ ಲೇಟು ಅಬ್ಬಾ. ಕಂಪ್ಯೂಟರ್ ಲೆಕ್ಕ ಮಾಡಿ, ಸ್ಪೀಕರ್‌ಗೆ ಹೋಗಿ... ಕಣ್ಣಿಗೆ ಗೊತ್ತಾಗಲ್ಲ ಅದು."

"ಕೈಗೆ ಗೊತ್ತಾಗುತ್ತೆ."

"ಕಮ್ಮಿ ಮಾಡ್ತೀನಿ."

"ಲೇಟು ಹೋಗ್ಲಿ ಬಿಡೊ. ತಾಗಿದಾಗ ಠಕ್ ಅನ್ನುತ್ತೆ, ಸರಿ. ತಾಗೋದಕ್ಕೆ ಮುಂಚೆ ಅದು ಎಲ್ಲಿರುತ್ತೆ?"

ಎಲ್ಲೂ ಇರುವುದಿಲ್ಲ. ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿನವರೆಗೆ ಅದು ಬೆಳಕು ಮಾತ್ರ. ಸ್ಪೀಕರಿನ ಗುರ್ ಎಂಬುದು ಗಾಳಿಯಲ್ಲಿದೆ, ಮರಕ್ಕೆ ಇಳಿಯುವುದೇ ಇಲ್ಲ.

"ಕೆಟ್ಟದಲ್ಲ ಇದು" ಅಂದರು ಮಾವ. "ಹೇಳಿದ ಮಾತು ಕೇಳುತ್ತೆ. ಹಳೇದು ಕೇಳ್ತಿರ್ಲಿಲ್ಲ. ದೂಡಿದ್ರೆ ಒಂದು ದಿನ ಒಂಥರಾ, ಮಳೆಗಾಲದಲ್ಲಿ ಇನ್ನೊಂಥರಾ. ಸುಮೇರಾ ಬಯ್ತಾ ಬಯ್ತಾ ಆಡ್ತಿದ್ಲು."

ಆಮೇಲೆ ಎದ್ದು ಹೋಗಿ ಅಲಮಾರಿಯಿಂದ ಉಕ್ಕಿನ ಚೆಂಡು ತಂದರು. ಕ್ಲಬ್ಬಿನಿಂದ ಬಂದಾಗಿನದು, ಇಷ್ಟು ವರ್ಷ ಅವರ ಶೇವಿಂಗ್ ಸೆಟ್ಟಿನ ಡಬ್ಬಿಯಲ್ಲಿತ್ತಂತೆ. ನನ್ನ ಅಂಗೈಗೆ ಹಾಕಿದರು. ಇಷ್ಟು ಭಾರ ಇರಬಹುದೆಂದು ನಾನು ಎಣಿಸಿಯೇ ಇರಲಿಲ್ಲ. ಕೈ ತಗ್ಗಿತು.

ಯಾರ್ಡಿನಿಂದ ತಂದ ಹಲಗೆಯನ್ನು ಮಂಚದ ಅಂಚಿಗೆ ಓರೆಯಾಗಿ ಇಟ್ಟು ಚೆಂಡು ಬಿಟ್ಟರು. ಉರುಳಿತು. ತೂತಿನ ಅಂಚಿಗೆ ತಾಗಿ ಸ್ವಲ್ಪ ತಿರುಗಿ, ಗುರ್ರ್ ಅಂತ. ಮರ ಪೂರ್ತಿ ಮಾತಾಡಿತು. ಹಲಗೆಯ ಮೇಲೆ ಕೈ ಇಟ್ಟಿದ್ದೆ, ಕಣ್ಣು ಮುಚ್ಚಿದ್ದೆ, ಎಲ್ಲಿದೆ, ಎಷ್ಟು ಜೋರಿದೆ, ಯಾವ ಕಡೆ ಬರುತ್ತಿದೆ, ಎಲ್ಲ ಗೊತ್ತಾಯಿತು. ನನಗೇ! ನಿಜವಾದ ಚೆಂಡನ್ನು ಒಂದು ದಿನವೂ ಆಡದ ನನಗೆ!

ಕೆಳಗೆ ರೆಕ್ಕೆ ಇರಲಿಲ್ಲ. ಚೆಂಡು ನೆಲಕ್ಕೆ ಬಿದ್ದು ಅಲಮಾರಿಯ ಅಡಿಗೆ ಹೋಯಿತು. ಅತ್ತೆ ಪೊರಕೆ ತಂದು ಹೊರಗೆಳೆದರು. ಯಾರೂ ಮತ್ತೆ ಬಿಡಲಿಲ್ಲ.

ಫೆಬ್ರವರಿ 17

ಯಾರು ಹೇಳುವುದು? ನದೀಮ್, "ನೀನು ಹೇಳು, ನಿನ್ನ ಮೇಲೆ ಅವಳು ಸಿಟ್ಟಾಗಲ್ಲ" ಅಂದ. ಅದಕ್ಕೇ ನಾನು ಹೇಳಲಾರೆ, ಸಿಟ್ಟಾಗುವುದಿಲ್ಲ ಎಂಬುದಕ್ಕೇ. ಅತ್ತೆ, "ಬರ್ಲಿ, ಬಂದ್ಮೇಲೆ ನಿಧಾನಕ್ಕೆ" ಅಂದರು. ಮಾವ ಅಂಗಡಿಗೆ ಹೋದರು.

ಮೆಸೇಜ್ ಟೈಪ್ ಮಾಡಿದೆ. ಆಪಾ, ನಾನು ದೊಡ್ಡ ತಪ್ಪು ಮಾಡಿದ್ದೇನೆ. ಅಳಿಸಿದೆ. ಅವರಿಗೆ ಮೆಸೇಜನ್ನು ಈಗ ಫೋನೇ ಓದಿ ಹೇಳುತ್ತದೆ, ಯಂತ್ರದ ಹೆಂಗಸಿನ ದನಿಯಲ್ಲಿ. ಅದರ ಬಾಯಿಂದ ಕೇಳಬೇಕೆ ಇದನ್ನು?

ಹಳದಿ ಚೆಂಡಿನ ಸೆಟ್ಟಿಂಗ್ ತೆಗೆದುಹಾಕಿದೆ. ಯಾಕೆ ಅಂತ ಗೊತ್ತಿಲ್ಲ. ನೋಡಲು ಆಗುತ್ತಿರಲಿಲ್ಲ.

ಫೆಬ್ರವರಿ 18, ಮಂಗಳವಾರ. ಮಧ್ಯಾಹ್ನ

ಧೈರ್ಯ ಮಾಡಿ ಫೋನ್ ಮಾಡುವಷ್ಟರಲ್ಲಿ ಅವರದೇ ಫೋನ್ ಬಂತು. ಹಿಂದೆ ಮಕ್ಕಳ ಗಲಾಟೆ, ಬೆಲ್.

"ದುಲ್ಹನ್! ಬಿಟ್ಟೆ ಮಾರಾಯ್ತಿ, ಕೆಲಸ ಬಿಟ್ಟೆ! ಈಗ ಲೆಟರ್ ಕೊಟ್ಟು ಬಂದೆ. ಮಕ್ಕಳು ಕೇಕ್ ತಂದಿದಾರೆ, ಮೂಗಿಗೆಲ್ಲ ಹಚ್ಚಿದಾರೆ."

"ಆಪಾ, ಪರೀಕ್ಷೆ ಮುಗಿಯೋವರೆಗೂ ಇರ್ತೀನಿ ಅಂದಿದ್ರಲ್ಲ?"

"ಇದ್ದು ಏನ್ ಮಾಡ್ಲಿ? ಹೋದ ವಾರ ಮೆಟ್ಟಿಲು ತಪ್ಪಿದೆ. ಊರಿಗೆ ಬರೋಕೇ ಭಯ ಇತ್ತು ನಂಗೆ, ನಿಜ ಹೇಳ್ತೀನಿ. ಬಂದ್ರೆ ಅಮ್ಮಿ ಕೈ ಹಿಡ್ಕೊಂಡು ಬಾತ್‌ರೂಮಿಗೆ ನಡೆಸ್ತಾಳೆ, ಅಬ್ಬಾ ಅನ್ನ ಕಲಸಿ ಕೊಡ್ತಾರೆ, ಎಲ್ಲರೂ ಪಾಪ ಪಾಪ. ನೀನು ಮೆಷಿನ್ ಓಡುತ್ತೆ ಅಂದೆ ನೋಡು, ಆವಾಗ ಡಿಸೈಡ್ ಮಾಡಿದೆ. ಅದರ ಮುಂದೆ ನಿಂತ್ರೆ ಯಾರೂ ನನ್ನ ಕೈ ಹಿಡಿಯಲ್ಲ. ನದೀಮ್‌ಗೆ ಹೇಳು, ಸೋಲಿಸ್ತೀನಿ ಅಂತ."

"ಆಪಾ... ಒಂದು ವಿಷಯ ಹೇಳ್ಬೇಕು. ಮೆಷಿನ್—"

"ಬೇಡ ಬೇಡ ಬೇಡ! ಏನೂ ಹೇಳ್ಬೇಡ! ಏನೋ ಹೊಸದು ಮಾಡಿದೀರ ಅಂತ ಗೊತ್ತು, ನಿನ್ನ ದನೀಲೇ ಇದೆ. ನಾನೇ ಮುಟ್ಟಿ ತಿಳ್ಕೊತೀನಿ."

"ಅದಲ್ಲ ಆಪಾ, ಕೇಳಿ—"

"ಕೇಕ್ ಕಟ್ ಮಾಡ್ಬೇಕಂತೆ, ಎಳೀತಿದಾರೆ. ಟಿಕೆಟ್ ಆಗಿದೆ, ಬರ್ಕೋ. ಸ್ಟೇಷನ್ನಿಗೆ ನೀನೇ ಬಾ, ಅಮ್ಮಿ ಬೇಡ, ಪ್ಲಾಟ್‌ಫಾರ್ಮ್ ಮೇಲೆ ಅಳ್ತಾಳೆ."

ಬರೆದುಕೊಂಡೆ. ಬರೆದುಕೊಳ್ಳಿ ಅಂದರೆ ಬರೆದುಕೊಳ್ಳುವುದೊಂದು ಬರುತ್ತದೆ ನನಗೆ.

ಗುರುವಾರ ಆಪಾ ಬರುತ್ತಾರೆ, ಮೈಸೂರು ಇಂಟರ್‌ಸಿಟಿ. ಸ್ಟೇಷನ್ನಿಗೆ ನಾನು, ಇನ್ನೂ ಏನೂ ಹೇಳದೆ.